ಜಾರದ ಬೂಟು

“ಪದ್ಮಾ, ಹೊರಗ ಬಾ! ಇನ್ನ ಈ ಲೇಹ್‌ದಾಗ ಯಾರೂ ಜಾರಿ ಬೀಳೂದಿಲ್ಲ!”

ಭಾವ ಬಿಂದುಮಾಧವ ಗಲಗಲಿಯವರು ಅಂಗಳದ ಮಂಜುಗಡ್ಡೆಯ ಮೇಲೆ ಎರಡೂ ಕೈ ಸೊಂಟಕ್ಕಿಟ್ಟು ನಿಂತಿದ್ದರು. ಕಾಲಲ್ಲಿ ಬಕೆಟ್‌ನಂಥ ಎರಡು ಬೂಟು! ಅವರು ಇಲ್ಲಿನ ಒಂದು ಪ್ರಯೋಗಾಲಯದಲ್ಲಿ ಎಂಜಿನಿಯರು. ನಾನು ಅವರ ನಾದಿನಿ, ಊರಿನ ಶಾಲೆಯಲ್ಲಿ ಟೀಚರು. ಇರುವುದು ಅಕ್ಕ-ಭಾವನ ಕ್ವಾರ್ಟರ್ಸಿನಲ್ಲೇ. ಹಾಗಾಗಿ ಅವರ ಹೊಸ ಯಂತ್ರಗಳಿಗೆಲ್ಲ ಮೊದಲ ಚಪ್ಪಾಳೆ ನನ್ನದು, ಮೊದಲ ಪೆಟ್ಟು ಅಕ್ಕನದು.

“ಕಾಲು ಜಾರಿತೋ, ತಳ ಬಿಸಿಯಾಗಿ ಮಂಜು ಕರಗಸ್ತದ. ಮರುಕ್ಷಣಾನ ತಣ್ಣಗಾಗಿ ಹೆಪ್ಪುಗಟ್ಟಸ್ತದ. ಹೆಜ್ಜಿ ಗಟ್ಟಿ! ಮುಂದ ಎತ್ತಿದರ ತಾನ ಬಿಡ್ತದ.”

ಭಾವ ನಾಲ್ಕು ಹೆಜ್ಜೆ ನಡೆದರು. ಜಾರಲಿಲ್ಲ. ನಾನು ಚಪ್ಪಾಳೆ ತಟ್ಟಿದೆ.

“ಇದಕ್ಕ ಇಷ್ಟೆಲ್ಲಾ ಯಾಕ್ರೀ?” ಎಂದಳು ಅಂಬುಜಕ್ಕ ಬಾಗಿಲಲ್ಲಿ ನಿಂತು. “ಪಕ್ಕದ ಮನಿ ಡೋಲ್ಮಾ ಅಜ್ಜಿ ದಿನಾ ಇಳಿಜಾರಿಗೆ ಒಲಿ ಬೂದಿ ಚೆಲ್ತಾಳ. ಅದರ ಮ್ಯಾಲೆ ಸಣ್ಣ ಸಣ್ಣ ಹೆಜ್ಜಿ ಇಟ್ಕೋತ ಹೋದ್ರ ಆತು.”

“ಬೂದಿ!” ಭಾವನ ಮೀಸೆ ನಡುಗಿತು. “ನನ್ನ ಹೇಣ್ತಿ ಬಾಯಾಗ ಬೂದಿ!”

ಅಕ್ಕನಿಗೆ ಆಗ ಜಗಳಕ್ಕೆ ಪುರುಸೊತ್ತಿರಲಿಲ್ಲ. ಮದುವೆಗೆ ಮುಂಚೆ ಧಾರವಾಡದಲ್ಲಿ ಸಂಗೀತ ಕಛೇರಿ ಕೊಡುತ್ತಿದ್ದವಳು. ಇಲ್ಲಿಗೆ ಬಂದ ಆರು ವರ್ಷಗಳಲ್ಲಿ ಅವಳ ಹಾಡು ಕೇಳಿದ್ದು ಪ್ರೆಷರ್ ಕುಕ್ಕರ್ ಮಾತ್ರ. ಈ ಸಲ ಗಣರಾಜ್ಯೋತ್ಸವಕ್ಕೆ ಕೆಳಗಿನ ಮೈದಾನದಲ್ಲಿ ಹಾಡಲು ಕರೆ ಬಂದಿತ್ತು. ಒಂದು ತಿಂಗಳಿಂದ ಬಿಸಿನೀರು ಕುಡಿಯುತ್ತ, ಗಂಟಲಿಗೆ ಮಫ್ಲರು ಸುತ್ತಿ, ಹೊತ್ತಿಗೆ ಮುಂಚೆ ಎದ್ದು ಅಭ್ಯಾಸ ಮಾಡಿದ್ದಳು.

ಗಣರಾಜ್ಯೋತ್ಸವದ ಬೆಳಿಗ್ಗೆ ನಾವಿಬ್ಬರೂ ಹೊರಗೆ ಬಂದು ನೋಡಿದರೆ ಮೈದಾನಕ್ಕಿಳಿಯುವ ಇಳಿಜಾರು ಕನ್ನಡಿಯಂತೆ ಹೊಳೆಯುತ್ತಿತ್ತು! ಬೂದಿಯ ಒಂದು ಕಣವೂ ಇಲ್ಲ.

“ನಿನ್ನೆ ಸಂಜೀಕ ನಾನ ಗುಡಿಸಿ ನಾಲ್ಕು ಬಕೆಟ್ ನೀರು ಹಾಕೇನಿ,” ಎಂದರು ಭಾವ ಹೆಮ್ಮೆಯಿಂದ. “ಪರೀಕ್ಷಾ ಅಂದಮ್ಯಾಲೆ ಸ್ವಚ್ಛ ಮಂಜು ಬೇಕಲ್ಲ? ಬೂಟು ಹಾಕ್ಕೊಂಡು ನೀನ ಇಳಿ, ಅಂಬುಜಾ. ಮೈದಾನದಾಗಿನ ಮಂದಿ ಎಲ್ಲಾ ನೋಡ್ಲಿ!”

ಅಕ್ಕ ಗಂಡನನ್ನು ನೋಡಿದಳು. ಗಡಿಯಾರ ನೋಡಿದಳು. ಬೇರೆ ದಾರಿ ಇರಲಿಲ್ಲ. ರೇಷ್ಮೆ ಸೀರೆ ಮೇಲೆತ್ತಿ ಬೂಟು ಹಾಕಿಕೊಂಡಳು.

ಹತ್ತು ಹೆಜ್ಜೆ ಸರಿಯಾಗಿಯೇ ಹೋದವು. ಹನ್ನೊಂದನೆಯದಕ್ಕೆ ಬಲಗಾಲು ಏಳಲಿಲ್ಲ. ಅಕ್ಕ ಜಗ್ಗಿದಳು. ಜಗ್ಗಿದ್ದನ್ನೇ ಜಾರಿದ್ದೆಂದು ತಿಳಿದ ಬೂಟು ಇನ್ನಷ್ಟು ಮಂಜು ಕರಗಿಸಿ ಕೆಳಗಿಳಿದು ಹೆಪ್ಪುಗಟ್ಟಿತು. ಎಡಗಾಲಿನದೂ ಅದೇ ಕತೆ. ಎರಡು ನಿಮಿಷದಲ್ಲಿ ಅಕ್ಕ ಕಣಕಾಲಿನ ತನಕ ಮಂಜಿನೊಳಗೆ!

“ಅಲುಗಾಡಬ್ಯಾಡ! ರಿಮೋಟ್ ನನ್ನ ಕೈಯಾಗದ!” ಎನ್ನುತ್ತ ಭಾವ ಓಡಿಬಂದರು. ಓಡಿದ್ದು ಒಂದೇ ಹೆಜ್ಜೆ. ಆಮೇಲೆ ಬೆನ್ನ ಮೇಲೆ ಮಲಗಿ ಅಕ್ಕನ ಪಕ್ಕದಲ್ಲೇ ಸುಂಯ್ಯನೆ ಜಾರಿ ಕೆಳಗಿನ ಪೊಲೀಸ್ ಬ್ಯಾಂಡಿನ ನಡುವೆ ಹೊಕ್ಕರು. ದೊಡ್ಡ ಡ್ರಮ್ಮು ಉರುಳಿತು. ಬೀಳುವಾಗ ಯಾವ ಗುಂಡಿ ಒತ್ತಿದರೋ, ಬೂಟಿನ ಬಕಲುಗಳು ಟಕ್ಕೆಂದು ಲಾಕಾದವು. ರಿಮೋಟು ಚೂರುಚೂರಾಯಿತು.

ಜನ ನಕ್ಕರು. ನಾನೂ ನಕ್ಕೆ.

ಅಷ್ಟರಲ್ಲಿ ಮೈಕು ಅಕ್ಕನ ಹೆಸರು ಕರೆಯಿತು. ಅಕ್ಕ ಕೈಯೆತ್ತಿದಳು. ವೇದಿಕೆ ಮೈದಾನದ ಆಚೆ ತುದಿಗೆ; ಅಷ್ಟು ದೂರದಿಂದ ಅಲ್ಲಿದ್ದವರಿಗೆ ಕಾಣಲಿಲ್ಲ. ಎರಡನೆಯ ಸಲ ಕರೆಯಿತು. “ಬಂದೆ, ಬಂದೆ!” ಎಂದು ಕೂಗಿದಳು. ಮೂರನೆಯ ಸಲ ಕರೆದು, ತುಸು ಕಾದು, ಯಾವುದೋ ಕ್ಯಾಸೆಟ್ ಹಾಕಿದರು. ಅಕ್ಕ ಮಫ್ಲರು ಬಿಚ್ಚಿ, ಮಡಚಿ, ಚೀಲದಲ್ಲಿಟ್ಟಳು. ನನ್ನ ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಡೋಲ್ಮಾ ಅಜ್ಜಿ ಬೂದಿ ಡಬ್ಬ ಹಿಡಿದು, ಅಂಬೆಗಾಲಿಡುತ್ತ, ಮುಂದೆ ಮುಂದೆ ಬೂದಿ ಚೆಲ್ಲಿಕೊಳ್ಳುತ್ತ ಬಂದಳು. ಚಾಕುವಿನಿಂದ ಬೂಟಿನ ಪಟ್ಟಿ ಕತ್ತರಿಸಿದಳು. ಅಕ್ಕ ಕಾಲುಚೀಲದಲ್ಲೇ ಬೂದಿ ತುಳಿಯುತ್ತ ಮನೆಗೆ ಬಂದಳು. ಅಂದಿನಿಂದ ಮನೆಯಲ್ಲಿ ಹಾಡಿಲ್ಲ.

ಬೂಟುಗಳು ಅಲ್ಲೇ ಉಳಿದವು. ಬ್ಯಾಟರಿ ಮುಗಿಯುವವರೆಗೂ ಕರಗಿಸಿ, ಹೆಪ್ಪುಗಟ್ಟಿಸಿ, ಕಲ್ಲಿನಂತೆ ಕೂತವು. ಓಣಿಯವರು ಅವುಗಳೊಳಗೆ ಒಂದೊಂದು ಕಂಬ ನಿಲ್ಲಿಸಿ, ನೀರು ಸುರಿದು ಗಟ್ಟಿ ಮಾಡಿ, ಮೇಲಿನಿಂದ ಕೆಳಗಿನವರೆಗೆ ಹಗ್ಗ ಕಟ್ಟಿದರು. ಹಗ್ಗ ಹಿಡಿದು ಇಳಿದವರಲ್ಲಿ ಆ ಚಳಿಗಾಲ ಒಬ್ಬರೂ ಬೀಳಲಿಲ್ಲ! ಭಾವನ ಕಚೇರಿಗೆ ಈ ಅಂಕಿಅಂಶ ಹಗ್ಗದ ಮಾತಿಲ್ಲದೆ, ಬೂಟಿನ ಹೆಸರಿನಲ್ಲೇ ತಲುಪಿತು. ದೆಹಲಿಯಿಂದ ಒಬ್ಬ ಅಧಿಕಾರಿ ಬಂದು, ಕೈಗೆ ಪ್ಲಾಸ್ಟರ್ ಹಾಕಿಕೊಂಡಿದ್ದ ಭಾವನಿಗೆ ಶಾಲು ಹೊದಿಸಿದರು. ಅವರಿಗೆ ಕನ್ನಡ ಬರುತ್ತಿತ್ತು. ಅಕ್ಕನ ಕಡೆ ತಿರುಗಿ ಕೇಳಿದರು:

“ಮೊದಲು ಇದನ್ನ ಹಾಕ್ಕೊಂಡವರು ನೀವೇ ಅಲ್ವಾ ಮೇಡಂ? ನಿಮ್ಮ ಅನುಭವ ಹೇಗಿತ್ತು?”

ಅಕ್ಕ ಅವರ ಮುಂದೆ ಚಹಾ ಇಟ್ಟಳು.

“ಸುಳ್ಳು ಯಾಕ್ ಹೇಳಲ್ರೀ,” ಎಂದಳು. “ಜಾರಲಿಲ್ಲ.”