ಮುಚ್ಚಿದ ಗಣಿಯ ಪಾಲುದಾರರು

ಎಷ್ಟೇ ಗಂಭೀರವಾಗಿ ಬದುಕಬೇಕೆಂದುಕೊಂಡರೂ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ, ಒನೆಹುಂಗಾ ಬಡಾವಣೆಯ ನಮ್ಮ ಮನೆ ಬಾಗಿಲಿಗೆ ನಗೆಪಾಟಲಿನ ಪ್ರಸಂಗಗಳು ತಾವಾಗಿಯೇ ಬಂದು ನಿಲ್ಲುತ್ತವೆ. ಹಳೇ ಅಮೆರಿಕನ್ ಗಣಿ ಕಂಪನಿಗಳ ಷೇರು ಪತ್ರಗಳನ್ನು ಸಂಗ್ರಹಿಸಲು ಶುರುಮಾಡಿದ ಮೇಲಂತೂ ಬಿಡುವೇ ಇಲ್ಲ. ಬೆಳ್ಳಿ ಅಗೆಯುತ್ತೇವೆ, ತಾಮ್ರ ಅಗೆಯುತ್ತೇವೆ ಎಂದು ಜನರಿಂದ ಬಂಡವಾಳ ಎತ್ತಿ, ಕೊನೆಗೆ ಬಾಗಿಲು ಹಾಕಿಕೊಂಡು ಹೋದ ಕಂಪನಿಗಳವು. ಕಂಪನಿ ಹೋಯಿತು, ಕಾಗದ ಉಳಿಯಿತು. ಆ ಕಾಗದದ ಅಂದ ನೋಡಬೇಕು. ಅಂಚಿಗೆ ಸೀರೆಯ ಜರಿಯಂಥ ಬಳ್ಳಿ, ಮೇಲೆ ಗುದ್ದಲಿ ಹಿಡಿದ ಗಣಿಗಾರರ ಚಿತ್ರ, ಕೆಳಗೆ ಅಧ್ಯಕ್ಷರ ಶಾಯಿ ಸಹಿ. ನಾನು ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮಾಡಿದವಳು. ಒಂದೊಂದು ಪತ್ರಕ್ಕೂ ಫೈಲಿನಲ್ಲಿ ಒಂದೊಂದು ಪುಟ ಇಟ್ಟಿದ್ದೇನೆ. ಆಕ್ಲೆಂಡಿನ ಕನ್ನಡಿಗರಲ್ಲಿ ಈ ಹವ್ಯಾಸ ನನಗೊಬ್ಬಳಿಗೇ ಇತ್ತು. ಇತ್ತು ಎಂದೆ, ಗಮನಿಸಿ.

ಸಲಹೆ ಕೇಳಲು ಬಂದವರು

ನಮ್ಮ ಯಜಮಾನರು ದೇವಸ್ಥಾನದಲ್ಲಿ ಯಾರಿಗೋ, ನಮ್ಮ ಮನೆಯವರ ಹತ್ತಿರ ಅಮೆರಿಕದ ಗಣಿ ಷೇರುಗಳಿವೆ ಎಂದುಬಿಟ್ಟರು. ಮರುವಾರವೇ ಈಸ್ಟ್ ತಮಾಕಿಯಲ್ಲಿ ಎಂಜಿನಿಯರಾಗಿರುವ ಹುಬ್ಬಳ್ಳಿಯವರೊಬ್ಬರು ಸೇಬಿನ ಚೀಲ ಹಿಡಿದು ಹಾಜರು. ಯಾವ ಷೇರು ಕೊಳ್ಳಬೇಕು, ಸ್ವಲ್ಪ ದಾರಿ ತೋರಿಸಿ ಎಂದರು. ನಾನು ಗೋಡೆಯ ಮೇಲಿನ ಚೌಕಟ್ಟು ತೋರಿಸಿದೆ. ಕಂಪನಿ ಹೇಗೆ ನಡೀತಿದೆ ಎಂದು ಕೇಳಿದರು. ನಮ್ಮಜ್ಜಿ ಹುಟ್ಟುವ ಮೊದಲೇ ಮುಳುಗಿತು ಎಂದೆ.

ಅವರು ಚೌಕಟ್ಟಿನ ಹತ್ತಿರ ಹೋಗಿ ಬಗ್ಗಿ ನೋಡಿದರು.

"ಹಂಗಾದ್ರ ನನ್ನ ಷೇರಿಗಿಂತ ನಿಮ್ದ ಪಾಡ ಅದ ಬಿಡ್ರಿ ಆಂಟಿ. ನಂದೂ ಮುಳುಗೇದ. ನಿಮ್ದಕ್ಕ ಚಿತ್ರಾನರ ಅದ."

ಆಲ್ಬನಿಯ ಅತಿಥಿ

ವರಮಹಾಲಕ್ಷ್ಮಿ ತಾಂಬೂಲಕ್ಕೆ ಊರಿನ ಆ ತುದಿಯ ಆಲ್ಬನಿಯಿಂದ ನನ್ನದೇ ವಯಸ್ಸಿನ ಒಬ್ಬರು ಬಂದಿದ್ದರು. ಹಿಂದೊಮ್ಮೆ ನಾನು ಕುಂಡದಲ್ಲಿ ಕರಿಬೇವು ಬೆಳೆಸಿದರೆ ತಾವೂ ಬೆಳೆಸಿ, ನನ್ನದಕ್ಕಿಂತ ಒಂದು ಗೇಣು ಎತ್ತರ ಮಾಡಿದವರು. ಆದರೂ ಅವರು ಷೇರು ಪತ್ರದ ಮುಂದೆ ನಿಂತು ಕೇಳಿದಾಗ ನನ್ನೊಳಗಿನ ಮೇಷ್ಟರು ಸುಮ್ಮನಿರಲಿಲ್ಲ. ಸಹಿಯ ಮೇಲಿನ ಸಣ್ಣ ತೂತುಗಳೆಂದರೆ ಷೇರು ರದ್ದಾಗಿದೆ ಎಂದರ್ಥ, ಮಡಿಕೆ ಬೀಳಬಾರದು, ಬಿಸಿಲು ತಾಗಬಾರದು ಎಂದೆಲ್ಲ ವಿವರಿಸಿದೆ. ಅವರು ತಲೆಯಾಡಿಸಿದರು, ಅಷ್ಟೇ.

ಮುಂದಿನ ತಿಂಗಳು ಅವರ ಮನೆಯಲ್ಲಿ ಭಜನೆ. ಹೋದರೆ ಗೋಡೆಯ ಮೇಲೆ ಎರಡು ಷೇರು ಪತ್ರ.

"ನಿಮ್ಮನ್ನ ನೋಡಿಯೇ ಆಸೆ ಆಯ್ತು ರೀ" ಎಂದರು. ತುಂಬಾ ಸಂತೋಷ ಎಂದೆ.

ಕಾರಿನಲ್ಲಿ ಯಜಮಾನರು, ಪಾಯಸ ಯಾಕೆ ಬಿಟ್ಟೆ ಎಂದು ಕೇಳಿದರು. ಸಕ್ಕರೆ ಜಾಸ್ತಿಯಾಗಿತ್ತು ಎಂದೆ.

"ನೀನು ಬಾಯಿಗೇ ಇಡಲಿಲ್ಲವಲ್ಲೇ."

ದೇವರಾಜ ಮಾರ್ಕೆಟ್ಟಿನ ವಿದ್ಯೆ

ನನಗೆ ಬೇಕಿದ್ದದ್ದು ಒಂದೇ ಒಂದು ಪತ್ರ. ನೆವಾಡಾದ ಬೆಳ್ಳಿ ಗಣಿಯದು. ಅದರಲ್ಲಿ ಮೂವರು ಗಣಿಗಾರರು, ಅವರ ನಡುವೆ ಒಂದು ಹೇಸರಗತ್ತೆ. ಹಳೇ ಸಾಮಾನಿನ ವಾರದ ಸಂತೆಯಲ್ಲಿ ಕಾಗದಪತ್ರ ಮಾರುವ, ಈ ದೇಶದವರೇ ಆದ ಹಿರಿಯರೊಬ್ಬರ ಮೇಜಿನ ಮೇಲೆ ಅದು ಕಣ್ಣಿಗೆ ಬಿತ್ತು. ಆದರೆ ಆಸೆಯನ್ನು ಮುಖದಲ್ಲಿ ತೋರಿಸುವಷ್ಟು ದಡ್ಡಿಯಲ್ಲ ನಾನು. ದೇವರಾಜ ಮಾರ್ಕೆಟ್ಟಿನಲ್ಲಿ ಅಮ್ಮನ ಸೆರಗು ಹಿಡಿದು ಕಲಿತ ವಿದ್ಯೆ: ಬೆಲೆ ಕೇಳು, ಮೂಗು ಮುರಿ, ಬೆನ್ನು ತಿರುಗಿಸಿ ನಡೆ. ಹತ್ತು ಹೆಜ್ಜೆ ಹಾಕುವುದರೊಳಗೆ "ಬನ್ನಿ ಅಮ್ಮಾ" ಎಂದು ಕರೆದೇ ಕರೆಯುತ್ತಾರೆ.

ಬೆಲೆ ಕೇಳಿದೆ, ಮೂಗು ಮುರಿದೆ, ನಡೆದೆ. ಹಿರಿಯರು "ನೋ ವರೀಸ್" ಎಂದು ಟೀ ಕುಡಿಯತೊಡಗಿದರು. ನಾನು ನಿಧಾನ ಮಾಡಿದೆ. ಚಪ್ಪಲಿ ಸರಿಮಾಡಿಕೊಂಡೆ. ಸಂತೆಯ ಬಾಗಿಲವರೆಗೂ ಹೋದೆ. ಕರೆಯಲಿಲ್ಲ. ತಿರುಗಿ ನೋಡಿದರೆ ಆಲ್ಬನಿಯವರು ಮೇಜಿನ ಮುಂದೆ ನಿಂತಿದ್ದಾರೆ, ಹೇಸರಗತ್ತೆ ಅವರ ಚೀಲಕ್ಕೆ ಇಳಿಯುತ್ತಿದೆ. ಚೌಕಾಸಿಯೇ ಇಲ್ಲ. ಬೆಂಗಳೂರಿನವರು, ಮಾಲಿನಲ್ಲಿ ಕೊಂಡು ಅಭ್ಯಾಸ.

ಮನೆಗೆ ಬಂದು ಫೈಲಿನಲ್ಲಿ "ಕೈತಪ್ಪಿದ್ದು" ಎಂಬ ಹೊಸ ವಿಭಾಗ ತೆರೆದೆ. ಯಜಮಾನರು ಅದನ್ನು ಓದಿ, ತಪ್ಪಿದ್ದು ಕೈಯಲ್ಲವಲ್ಲ, ಕಾಲು ಎಂದರು.

ನಾಲ್ಕು ಮೂಲೆ

ಕನ್ನಡ ಬಳಗದ ದೀಪಾವಳಿ ಕೂಟದಲ್ಲಿ ಈ ಸಲ ಎಲ್ಲರ ಹವ್ಯಾಸಗಳ ಪ್ರದರ್ಶನ. ನಡುವೆ ಒಂದೇ ಗಾಜಿನ ಪೆಟ್ಟಿಗೆ. ಅದರೊಳಗೆ ಕೂರುವ ಮರ್ಯಾದೆ ಒಂದೇ ವಸ್ತುವಿಗೆ. ಹೇಸರಗತ್ತೆ ಹೋದರೆ ಹೋಗಲಿ, ಈ ಪೆಟ್ಟಿಗೆ ನನ್ನದಾಗಲೇಬೇಕಿತ್ತು. ಆರಿಸಲು ಸಂತೆಯ ಹಿರಿಯರನ್ನೇ ಕರೆಸೋಣ ಎಂದು ಸೂಚಿಸಿದವಳೂ ನಾನೇ. ಒಂದು ಕಲೆಯೂ ಇಲ್ಲದ ನನ್ನ ತಾಮ್ರದ ಗಣಿಯ ಪತ್ರದ ಬೆಲೆ ಬಲ್ಲವರು ಅವರು.

ಆಲ್ಬನಿಯವರು ಬಂದು ಹೇಸರಗತ್ತೆಯ ಪತ್ರವನ್ನು ಮೇಜಿನ ಮೇಲಿಟ್ಟರು. ನೋಡುತ್ತೇನೆ, ನಾಲ್ಕು ಮೂಲೆಗೂ ಅರಿಶಿನ, ಅದರ ಮೇಲೆ ಕುಂಕುಮದ ಬೊಟ್ಟು!

"ಲಕ್ಷ್ಮೀಪೂಜೆಗೆ ಇಟ್ಟಿದ್ದೆ ರೀ. ಎಷ್ಟಾದರೂ ಷೇರು ಪತ್ರ ಅಲ್ವಾ, ಬರೀ ಕಾಗದ ದೇವರ ಮುಂದೆ ಇಡೋಕಾಗುತ್ತಾ?"

ಸಂಗ್ರಹಕಾರರಿಗೆ ಪೆನ್ಸಿಲ್ ಗೆರೆಯೇ ಮಹಾಪಾಪ. ಬಹಳ ಒಳ್ಳೇ ಕೆಲಸ ಮಾಡಿದಿರಿ ಎಂದೆ. ಎಂ.ಎ. ಫಲಿತಾಂಶ ಬಂದ ದಿನವೂ ನನಗೆ ಅಷ್ಟು ಆನಂದವಾಗಿರಲಿಲ್ಲ.

ಹಿರಿಯರು ಬಂದರು. ನನ್ನ ಪತ್ರ ನೋಡಿ, ತುಂಬಾ ಶುಚಿಯಾಗಿದೆ ಎಂದರು. ಆಲ್ಬನಿಯವರದನ್ನು ನೋಡಿ, ಇದೇನು ಹಳದಿ ಎಂದು ಕೇಳಿದರು. ಆಲ್ಬನಿಯವರು ಪೂಜೆಯ ವಿಷಯ ಹೇಳಿದರು. ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ, ಈ ಕಂಪನಿಯ ಪಾಲುದಾರರೆಲ್ಲ ಇದಕ್ಕೆ ಶಾಪ ಹಾಕಿಯೇ ಸತ್ತಿರಬೇಕು, ಪೂಜೆ ಮಾಡಿದವರು ನೀವೇ ಮೊದಲು ಎಂದು ಹೇಳಿ, ಅದನ್ನು ತಮ್ಮ ಕೈಯಾರೆ ಗಾಜಿನ ಪೆಟ್ಟಿಗೆಯೊಳಗೆ ಇಟ್ಟರು.

ಮನೆಗೆ ಬಂದವಳೇ ತಾಮ್ರದ ಗಣಿಯನ್ನು ಊಟದ ಮೇಜಿನ ಮೇಲೆ ಹರಡಿ, ಅರಿಶಿನದ ಬಟ್ಟಲು ತಂದು ನೀರು ಹಾಕಿ ಕಲಸತೊಡಗಿದೆ. ಯಜಮಾನರು ಬಾಗಿಲಲ್ಲಿ ನಿಂತರು.

"ಹಬ್ಬ ಮುಗೀತಲ್ಲೇ, ಇನ್ಯಾವ ಪೂಜೆ?"

"ಆಲ್ಬನಿಯವರು ಬರೀ ನಾಲ್ಕು ಮೂಲೆಗೆ ಹಚ್ಚಿದ್ದಾರೆ ರೀ," ಎಂದೆ. "ನಾನು ನಡುವೆಯೂ ಇಡ್ತೀನಿ."