ಕೊರಳಲ್ಲಿ ಕಾರ್ಡು, ಒಲೆಯ ಮೇಲೆ ಪುಡಿಂಗು

ಬಾಗಿಲು ಬಡಿದ ಸದ್ದಿಗೆ ಸೆಲ್ವಿನ್ ಟಕ್‌ವೆಲ್ ಎದ್ದು ಹೋಗದೇ ಇದ್ದಿದ್ದರೆ ಆ ದಿನ ಸುಖವಾಗಿ ಕಳೆಯುತ್ತಿತ್ತು. ಆದರೆ ನಿವೃತ್ತನಾಗಿ ಮನೆಯಲ್ಲಿ ಕೂತ ಗಂಡಸಿಗೆ ಯಾರಾದರೂ ಬಾಗಿಲು ಬಡಿಯುವುದೇ ಒಂದು ಹಬ್ಬ. ಎದ್ದು ಹೋದ.

ಹೊರಗೆ ನೋಲೀನ್ ನಿಂತಿದ್ದಳು. ಗೋಲ್ಡ್ ಕೋಸ್ಟಿನ ಕಡಲಿಗೆ ಮುಖ ಮಾಡಿ ನಿಂತ ಆ ಗಗನಚುಂಬಿಯ ನಿವಾಸಿಗಳ ಸಂಘಕ್ಕೆ ಆಕೆ ಕಾರ್ಯದರ್ಶಿ. ಯಾರ ಬಾಲ್ಕನಿಯಲ್ಲಿ ಟವೆಲ್ ಒಣಗುತ್ತಿದೆ, ಯಾರ ಮನೆಗೆ ಯಾರು ಬಂದರು ಎಂಬುದೆಲ್ಲ ಆಕೆಗೆ ಗೊತ್ತಿಲ್ಲದೆ ನಡೆಯುವಂತಿರಲಿಲ್ಲ.

"ಸೆಲ್ವಿನ್, ಇವತ್ತು ಫೈರ್‌ನೋರು ಬಂದು ಅಣಕು ಕಾರ್ಯಾಚರಣೆ ಮಾಡ್ತಿದಾರಲ್ಲ, ಹದಿನೇಳನೇ ಮಹಡೀಲಿ ಬೆಂಕಿ ಬಿದ್ದಿದೆ ಅಂತ ಲೆಕ್ಕ. ಹೊಗೆ ಕುಡಿದು ಬಿದ್ದಿರೋನ ಪಾತ್ರಕ್ಕೆ ಒಪ್ಕೊಂಡಿದ್ದೋನು ಸೊಂಟ ಹಿಡ್ಕೊಂಡು ಮಲಗಿಬಿಟ್ಟಿದಾನೆ. ಅರ್ಧ ಗಂಟೆ ಬಾರೋ ಮಾರಾಯ. ಸುಮ್ನೆ ಬಿದ್ಕೊಂಡಿದ್ರೆ ಆಯ್ತು. ನಿನಗೆ ಅಭ್ಯಾಸ ಇರೋ ಕೆಲಸಾನೇ."

ಸೆಲ್ವಿನ್‌ಗೆ ಹೋಗಲೇಬೇಕು ಅನ್ನಿಸಿತು. ಹುಡುಗನಾಗಿದ್ದಾಗ ಆತ ಅಗ್ನಿಶಾಮಕ ದಳಕ್ಕೆ ಅರ್ಜಿ ಹಾಕಿ, ಪಾದ ಚಪ್ಪಟೆ ಎಂಬ ಕಾರಣಕ್ಕೆ ವಾಪಸ್ ಬಂದಿದ್ದ. ಆಮೇಲೆ ಜೀವಮಾನವಿಡೀ ಕಾರ್ಪೆಟ್ ಮಾರಿದ. ಈಗಲೂ ರಸ್ತೆಯಲ್ಲಿ ಕೆಂಪು ಗಾಡಿ ಸೈರನ್ ಹಾಕಿಕೊಂಡು ಹೋದರೆ ಬಾಲ್ಕನಿಯಲ್ಲಿ ನಿಂತು ಕೈ ಬೀಸುತ್ತಾನೆ.

ಆದರೆ ಒಲೆಯ ಮೇಲೆ ಪುಡಿಂಗ್ ಇತ್ತು!

ಅದು ಸಾಮಾನ್ಯ ಪುಡಿಂಗಲ್ಲ. ಆತನ ಹೆಂಡತಿ ವರ್ನಾ ಒಣದ್ರಾಕ್ಷಿಗಳನ್ನು ವಾರಗಟ್ಟಲೆ ಬ್ರಾಂಡಿಯಲ್ಲಿ ನೆನೆಹಾಕಿ, ತನ್ನ ತಾಯಿ ಹೇಳಿಕೊಟ್ಟ ಹದದಲ್ಲಿ ಕಲಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಬೇಯಲು ಇಟ್ಟಿದ್ದ ಕ್ರಿಸ್ಮಸ್ ಪುಡಿಂಗ್. ಅದರೊಳಗೆ ತಾಯಿಯ ಕಾಲದ ಒಂದು ಪುಟ್ಟ ಬೆಳ್ಳಿ ನಾಣ್ಯ. ಹಬ್ಬದ ದಿನ ಅದು ಯಾರ ತುಂಡಿನಲ್ಲಿ ಸಿಗುತ್ತದೋ ಅವರಿಗೆ ವರ್ಷವಿಡೀ ಅದೃಷ್ಟ. ಈ ಸಲದ ಹಬ್ಬದೂಟ ವರ್ನಾಳ ತಂಗಿಯ ಮನೆಯಲ್ಲಿ. "ಅಮ್ಮನ ಪುಡಿಂಗ್ ನಿನ್ನ ಕೈಲಾಗಲ್ಲ ಬಿಡು" ಎಂದು ಆ ತಂಗಿ ಎಲ್ಲರೆದುರು ಹೇಳಿದಂದಿನಿಂದ ವರ್ನಾಳ ಮಾನವೆಲ್ಲ ಆ ಬಟ್ಟೆಯ ಗಂಟಿನೊಳಗೆ ಇತ್ತು.

ಬೆಳಿಗ್ಗೆ ಕ್ಲಬ್ಬಿನ ಊಟಕ್ಕೆ ಹೊರಡುವಾಗ ಆಕೆ ಬಾಗಿಲಲ್ಲಿ ನಿಂತು ಹೇಳಿದ್ದಳು: "ನೀರು ಕಮ್ಮಿ ಆದ ಹಾಗೆ ಬಿಸಿನೀರು ಹಾಕ್ತಾ ಇರು. ಮನೆ ಬಿಟ್ಟು ಕದಲಬೇಡ. ಪುಡಿಂಗಿಗೆ ಏನಾದ್ರೂ ಆಯ್ತೋ, ಸೆಲ್ವಿನ್, ನೀನೂ ಈ ಮನೇಲಿ ಇರಲ್ಲ."

ಸೆಲ್ವಿನ್ ಪಾತ್ರೆಯ ಕಂಠದವರೆಗೆ ನೀರು ಸುರಿದ. ಅರ್ಧ ಗಂಟೆಗೆ ಏನೂ ಆಗುವುದಿಲ್ಲ ಎಂದುಕೊಂಡ. ಕೀ ಹುಡುಕಿದರೆ ಸಿಗಲಿಲ್ಲ. ಬಾಗಿಲು ತಾನಾಗಿ ಮುಚ್ಚಿಕೊಂಡು ಬೀಗ ಬೀಳುವಂಥದು. ಸಂದಿಗೆ ತನ್ನ ಚಪ್ಪಲಿಯೊಂದನ್ನು ತುರುಕಿದ. ಬೆಂಕಿ ಹರಡದಿರಲೆಂದು ತಾನಾಗಿ ಮುಚ್ಚುವ ಬಾಗಿಲನ್ನು ತೆರೆದಿಡುವುದಕ್ಕಿಂತ ದೊಡ್ಡ ಪಾಪ ಆ ಕಟ್ಟಡದಲ್ಲಿಲ್ಲ. ಸದ್ಯ, ನೋಲೀನ್ ಆಗಲೇ ಲಿಫ್ಟಿನ ಕಡೆ ತಿರುಗಿದ್ದಳು.

ಕೆಳಗೆ ಕಾರ್ಯಾಚರಣೆಯ ಅಧಿಕಾರಿ ಟೂಲಾ ಕರಾಸ್ ಎಲ್ಲರನ್ನೂ ನಿಲ್ಲಿಸಿಕೊಂಡು ಮಾತಾಡುತ್ತಿದ್ದಳು. ಆಳು ಕುಳ್ಳಿ, ಗಂಟಲು ಮಾತ್ರ ಹಡಗಿನ ಸೈರನ್ನಿನದು.

"ಲಿಫ್ಟು ಮೊದಲು ನಮ್ಮ ವಶಕ್ಕೆ. ನಮ್ಮ ಕೀ ಇಲ್ದೆ ಯಾರೂ ಹತ್ತೋ ಹಾಗಿಲ್ಲ. ಬೆಂಕಿ ಇರೋ ಮಹಡಿಗೆ ಲಿಫ್ಟಲ್ಲಿ ಹೋಗೋನು ಮೂರ್ಖ. ಎರಡು ಮಹಡಿ ಕೆಳಗೇ ಇಳೀತೀವಿ. ಅಂದ್ರೆ ಹದಿನೈದರಲ್ಲಿ ನಮ್ಮ ಠಾಣೆ. ಗಾಳಿ ಸಿಲಿಂಡರು, ಪೈಪು, ಸರದಿಗೆ ಕಾಯೋ ಹುಡುಗ್ರು ಎಲ್ಲ ಅಲ್ಲಿ. ಅಲ್ಲಿಂದ ಒಂದು ಮೆಟ್ಟಿಲಲ್ಲಿ ಪೈಪ್ ಹಿಡ್ಕೊಂಡು ಮೇಲೆ ಹೋಗೋದು, ಇನ್ನೊಂದು ಮೆಟ್ಟಿಲಲ್ಲಿ ಜನಾನ ಕೆಳಗಿಳಿಸೋದು. ಎರಡೂ ಕಲಸಬಾರದು. ಮೇಲೆ ಹೋಗೋ ಪ್ರತಿಯೊಬ್ಬರ ಹೆಸರಿನ ಬಿಲ್ಲೆ ಹಲಗೆ ಮೇಲೆ ಇರಬೇಕು. ಬಿಲ್ಲೆ ಇದೆ, ಆಳು ಬಂದಿಲ್ಲ ಅಂದ್ರೆ ಹುಡುಕೋಕೆ ಹೋಗ್ತೀವಿ."

ಸೆಲ್ವಿನ್ ಬಾಯಿ ತೆರೆದುಕೊಂಡು ಕೇಳಿದ. ಕಾರ್ಪೆಟ್ ಅಂಗಡಿಯಲ್ಲಿ ಯಾರೂ ಹೀಗೆ ಮಾತಾಡಿದ್ದನ್ನು ಆತ ಕೇಳಿರಲಿಲ್ಲ.

"ಇನ್ನೊಂದು ಮಾತು," ಎಂದಳು ಟೂಲಾ. "ಬರೀ ನಾಟಕದ ಹೊಗೆ ಬಿಡ್ತಿರೋದ್ರಿಂದ ಕಟ್ಟಡದಲ್ಲಿ ಹೊಗೆ ಬಂದ್ರೆ ಬಡ್ಕೊಳ್ಳೋ ಗಂಟೆಗಳನ್ನೆಲ್ಲ ಆಫ್ ಮಾಡಿದೀವಿ. ನಿಜವಾಗಿ ಏನಾದ್ರೂ ತೊಂದ್ರೆ ಆದ್ರೆ ಎರಡೂ ಕೈ ಎತ್ತಿ ತಲೆ ಮೇಲೆ ಅಡ್ಡ ಹಿಡೀರಿ. ಬಾಯಲ್ಲಿ ಹೇಳಿದ್ದನ್ನ ನಮ್ಮೋರು ನಂಬಲ್ಲ. ನಟಿಸ್ತಿದೀರಿ ಅನ್ಕೋತಾರೆ."

ಹೊಗೆ ಗಂಟೆ ಆಫ್ ಎಂದ ಕೂಡಲೆ ಸೆಲ್ವಿನ್ ಒಲೆಯನ್ನು ನೆನೆದು ಲಿಫ್ಟಿನ ಕಡೆ ತಿರುಗಿದ. ಅಷ್ಟರಲ್ಲಿ ನೋಲೀನ್ ಆತನ ಕೊರಳಿಗೆ ಹಳದಿ ಕಾರ್ಡೊಂದನ್ನು ನೇತುಹಾಕಿದಳು. ಅದರ ಮೇಲೆ ದಪ್ಪಕ್ಷರದಲ್ಲಿ ಹೀಗಿತ್ತು: *ಹೊಗೆ ಕುಡಿದು ತಲೆ ಕೆಟ್ಟಿದೆ. ಬಾಯಿಗೆ ಬಂದದ್ದು ಹೇಳುತ್ತಾನೆ. ಮನೆಗೆ ವಾಪಸ್ ಹೋಗಲು ಹಠ ಹಿಡಿಯುತ್ತಾನೆ. ಏನು ಹೇಳಿದರೂ ನಂಬಬೇಡಿ.*

ಹದಿನೇಳನೇ ಮಹಡಿಯ ಖಾಲಿ ಮನೆಯಲ್ಲಿ ಯಂತ್ರವೊಂದು ಬುಸುಬುಸು ಹೊಗೆ ಬಿಡುತ್ತಿತ್ತು. ಸೆಲ್ವಿನ್ ನೆಲದ ಮೇಲೆ ಮಲಗಿದ. ಕಾದ. ಹೊರಳಿದ. ಮತ್ತೆ ಕಾದ. ಯಾರ ಸುಳಿವೂ ಇಲ್ಲ.

"ಇನ್ನೂ ಯಾಕೆ ಬರ್ಲಿಲ್ಲ ಇವರು?" ಎಂದು ಕೇಳಿದ.

"ಸಿನಿಮಾದ ಥರ ಓಡಿ ಬರೋಕಾಗುತ್ತಾ?" ಎಂದಳು, ಹಳದಿ ಅಂಗಿ ತೊಟ್ಟು ವೀಕ್ಷಕಿಯಾಗಿ ಕೂತಿದ್ದ ನೋಲೀನ್. "ಲಿಫ್ಟ್ ಹಿಡೀಬೇಕು, ಠಾಣೆ ಹಾಕಬೇಕು, ಪೈಪ್ ಜೋಡಿಸಬೇಕು. ಸುಮ್ನೆ ಬಿದ್ಕೋ."

"ನೋಲೀನ್, ಅರ್ಧ ಗಂಟೆ ಯಾವಾಗ್ಲೋ ಆಯ್ತು. ಒಲೆ ಮೇಲೆ ಪುಡಿಂಗಿದೆ. ಒಂದೇ ಒಂದು ನಿಮಿಷ ಹೋಗಿ ನೀರು ಹಾಕಿ..."

"ಪ್ರಜ್ಞೆ ತಪ್ಪಿದೋರು ಎದ್ದು ಓಡಾಡ್ತಾರೇನೋ? ನಮ್ಮ ಕಟ್ಟಡದ ಮರ್ಯಾದೆ ತೆಗೀಬೇಡ. ಬಿದ್ಕೋ!"

ಕೊನೆಗೂ ಮೆಟ್ಟಿಲಲ್ಲಿ ಬೂಟುಗಳ ಸದ್ದಾಯಿತು. ನೀರು ತುಂಬಿ ಬಿರುಸಾದ ಪೈಪು ಬಾಗಿಲಲ್ಲಿ ತಲೆ ಹಾಕಿತು. ಅದರ ಹಿಂದೆ ಮುಖವಾಡ ತೊಟ್ಟ ಇಬ್ಬರು ನೆಲ ತಡವುತ್ತ ತೆವಳಿಕೊಂಡು ಬಂದರು. ಅಹಾ, ಎಂಥ ನೋಟ! ಒಂದು ಗಳಿಗೆ ಸೆಲ್ವಿನ್ ಪುಡಿಂಗನ್ನೇ ಮರೆತ. ಆಮೇಲೆ ನೆನಪಾಗಿ, ಮುಂದೆ ಬಂದವನ ಕಾಲು ಹಿಡಿದುಕೊಂಡ.

"ತಮ್ಮಾ, ನನ್ನ ಮನೆ ಹದಿನೈದನೇ ಮಹಡೀಲಿ. ಒಲೆ ಉರೀತಿದೆ. ನಿಜವಾಗ್ಲೂ ಹೇಳ್ತಿದೀನಿ, ನನ್ನ ಬಿಡು!"

ಆ ಹುಡುಗನ ಹೆಸರು ಲಾಕಿ. ಆತ ಟಾರ್ಚ್ ಬಿಟ್ಟು ಕಾರ್ಡು ಓದಿ, ಜೊತೆಯವನ ಬೆನ್ನು ತಟ್ಟಿದ. "ತಾತ ಭಲೇ ಪಾತ್ರ ಮಾಡ್ತಿದಾರೆ ಕಣೋ! ಹೋದ ಸಲದೋರು ಗೊರಕೆ ಹೊಡೀತಿದ್ರು."

ಕೈ ಎತ್ತುವ ಗುರುತು ಸೆಲ್ವಿನ್‌ಗೆ ಹೊಳೆಯುವಷ್ಟರಲ್ಲಿ ಅವರು ಆತನನ್ನು ಮಡಚುವ ಕುರ್ಚಿಯೊಂದರಲ್ಲಿ ಕೂರಿಸಿ, ಎದೆಗೆ, ತೊಡೆಗೆ, ಎರಡೂ ಕೈಗಳಿಗೆ ಸೇರಿಸಿ ಪಟ್ಟಿ ಬಿಗಿದಾಗಿತ್ತು. ಆತ ಕೈಯೆತ್ತಲು ಕೊಸರಾಡಿದ. ಲಾಕಿ ಪಟ್ಟಿಯನ್ನು ಇನ್ನೊಂದಿಷ್ಟು ಬಿಗಿದ.

ಎರಡು ಮಹಡಿ ಇಳಿದು ಹೊರುವವರು ಬದಲಾಗಲು ಕುರ್ಚಿ ನಿಂತಿತು. ಕಣ್ಣು ಬಿಟ್ಟರೆ ತನ್ನದೇ ಕಾರಿಡಾರು! ಸಿಲಿಂಡರುಗಳ ಸಾಲು, ಗೋಡೆಗೊರಗಿ ಬೆವರು ಒರೆಸಿಕೊಳ್ಳುತ್ತಿದ್ದ ಹುಡುಗರು ಹುಡುಗಿಯರು, ಅವರ ಮಧ್ಯೆ ಬೀರುವಿನಷ್ಟು ಅಗಲವಾಗಿ ನಿಂತ, ಸಮೋವಾ ದ್ವೀಪದ ತವಿತಾ. ಈ ಠಾಣೆಯ ಉಸ್ತುವಾರಿ ಅವನದು. ಅವನ ಹಿಂದೆ ಚಪ್ಪಲಿ ತುರುಕಿದ ಬಾಗಿಲು. ಬಾಗಿಲ ಸಂದಿಯಿಂದ ದಾಲ್ಚಿನ್ನಿ, ಬ್ರಾಂಡಿ, ಬೆಂದ ದ್ರಾಕ್ಷಿಗಳ ಘಮಘಮ. ಇನ್ನೂ ಸೀದಿಲ್ಲ! ಸೆಲ್ವಿನ್‌ಗೆ ಹೋದ ಜೀವ ಬಂದಂತಾಯಿತು.

"ಅಪ್ಪಾ, ಇದೇ ನನ್ನ ಮನೆ!" ಎಂದು ಕೂಗಿದ. "ಬಾಗಿಲು ತೆಗೆದೇ ಇದೆ. ಒಳಗೆ ಒಲೆ ಮೇಲೆ ಪುಡಿಂಗ್ ಇದೆ, ಬೆಂದಿರುತ್ತೆ. ನಿಮ್ಮ ದಮ್ಮಯ್ಯ, ಯಾರಾದ್ರೂ ಹೋಗಿ ಇಳಿಸಿ!"

"ಅದೂ ಕಾರ್ಡಲ್ಲಿದೆ," ಎಂದ ಲಾಕಿ. ಕುರ್ಚಿ ಮತ್ತೆ ಮೆಟ್ಟಿಲಿಳಿಯಿತು. ತವಿತಾ ಮಾತ್ರ ಮೂಗು ಅರಳಿಸಿ ಬಾಗಿಲ ಕಡೆ ತಿರುಗಿದ್ದನ್ನು ಸೆಲ್ವಿನ್ ನೋಡಲಿಲ್ಲ.

ಕೆಳಗೆ, ಆ ದೇಶದಲ್ಲಿ ಬೇಸಿಗೆಯ ತಿಂಗಳಾದ ಡಿಸೆಂಬರಿನ ಉರಿಬಿಸಿಲಲ್ಲಿ, ಹುಲ್ಲಿನ ಮೇಲೆ, ಆತನಿಗೆ ಉಣ್ಣೆಯ ಕಂಬಳಿ ಹೊದಿಸಿದರು. ಪಟ್ಟಿ ಬಿಚ್ಚಿದ್ದೇ ತಡ ಸೆಲ್ವಿನ್ ಎದ್ದು ಓಡಿದ. ನಾಲ್ವರು ಬೆನ್ನಟ್ಟಿ ಹಿಡಿದು ತಂದರು. ಆತ ಎರಡೂ ಕೈಗಳನ್ನು ತಲೆಯ ಮೇಲೆ ಅಡ್ಡ ಹಿಡಿಯಲು ನೋಡಿದ. ಒಂದೊಂದು ಕೈಯನ್ನು ಇಬ್ಬಿಬ್ಬರು ಹಿಡಿದುಕೊಂಡಿದ್ದರು.

ಟೂಲಾ ಚಪ್ಪಾಳೆ ತಟ್ಟಿದಳು. "ನೋಡ್ರಪ್ಪಾ, ಹೊಗೆ ಕುಡಿದೋರು ಹೀಗೇ ಮಾಡೋದು! ಇಷ್ಟು ವರ್ಷದಲ್ಲಿ ಇಂಥ ನಟನೆ ನೋಡಿಲ್ಲ ನಾನು. ಎಲ್ರೂ ಹತ್ರ ಬಂದು ನೋಡ್ಕೊಳ್ಳಿ."

"ಮೇಡಂ, ನನ್ನ ಹೆಂಡ್ತಿ ನನ್ನ ಕೊಂದು ಹಾಕ್ತಾಳೆ!"

"ಎಷ್ಟು ಸಹಜವಾಗಿ ಹೇಳ್ತಾರೆ ನೋಡಿ," ಎಂದಳು ಟೂಲಾ.

ಕಾರ್ಯಾಚರಣೆ ಮುಗಿಯಿತು ಎಂದು ಆಕೆ ಸೀಟಿ ಊದಿದ ಮೇಲೆಯೇ ಆತನನ್ನು ಬಿಟ್ಟರು. ಲಿಫ್ಟಿನ ಕೀ ಇನ್ನೂ ಅವರ ಬಳಿಯೇ ಇತ್ತು. ಸೆಲ್ವಿನ್ ಚಪ್ಪಟೆ ಪಾದಗಳನ್ನು ಪಟಪಟ ಬಡಿಯುತ್ತ ಮೆಟ್ಟಿಲು ಹತ್ತಿದ. ಐದನೇ ಮಹಡಿಯಲ್ಲಿ ಉಸಿರು ಹೋಯಿತು, ಎಂಟರಲ್ಲಿ ಮೊಣಕಾಲು ಹೋಯಿತು. ಹನ್ನೊಂದರಲ್ಲಿ ಸಿಲಿಂಡರು ಹೊತ್ತು ಇಳಿಯುತ್ತಿದ್ದ ತವಿತಾ ಮತ್ತು ಅವನ ಬಳಗ ಎದುರಾಯಿತು.

"ತಾತ! ನೀವು ಹೇಳಿದ ಹಾಗೇ ಇಳಿಸಿದ್ವಿ. ಒಲೇನೂ ಆರಿಸಿದ್ವಿ. ಇನ್ನೊಂದು ಗಳಿಗೆ ಬಿಟ್ಟಿದ್ರೆ ತಳ ಹಿಡೀತಿತ್ತು."

ಸೆಲ್ವಿನ್ ಅವನ ಹೊಟ್ಟೆಯನ್ನು ಸಿಕ್ಕಷ್ಟು ತಬ್ಬಿಕೊಂಡ. ಕಣ್ಣಲ್ಲಿ ನೀರೇ ಬಂತು. "ನಿನ್ನ ಉಪಕಾರ ಸಾಯೋವರೆಗೂ ಮರೆಯಲ್ಲಪ್ಪಾ."

"ಉಪಕಾರ ನಿಮ್ಮದು ತಾತ! ಆ ಅವಸ್ಥೇಲೂ ನಮ್ಮ ಹಸಿವು ನೆನಪಿಟ್ಕೊಂಡು ಹೇಳಿ ಹೋದ್ರಲ್ಲ. ಬೆಳಿಗ್ಗೆಯಿಂದ ಯಾರೂ ಏನೂ ತಿಂದಿರಲಿಲ್ಲ. ನಮ್ಮಮ್ಮನ ಕೈಯಲ್ಲೂ ಇಂಥ ಪುಡಿಂಗ್ ತಿಂದಿಲ್ಲ ನಾನು. ಒಂದು ಚೂರೂ ಬಿಡಲಿಲ್ಲ ನೋಡಿ." ತವಿತಾ ಜೇಬಿನಿಂದ ಪುಟ್ಟ ಬೆಳ್ಳಿ ನಾಣ್ಯ ತೆಗೆದು ಮುತ್ತಿಟ್ಟ. "ನನಗೇ ಸಿಕ್ತು! ಈ ವರ್ಷ ಅದೃಷ್ಟವೆಲ್ಲ ನಂದೇ."

ಸೆಲ್ವಿನ್ ಬಾಯಿ ತೆರೆದ. ಅಷ್ಟರಲ್ಲಿ ತವಿತಾನ ಹೆಗಲ ಮೇಲಿನ ರೇಡಿಯೋ ಕಿರುಚಿತು. ಊರಾಚೆ ಎಲ್ಲೋ ಗೋದಾಮಿಗೆ ಬೆಂಕಿ, ಈ ಸಲ ನಿಜವಾದದ್ದು. ಇಡೀ ಬಳಗ ಗುಡುಗಿನಂತೆ ಮೆಟ್ಟಿಲಿಳಿದು ಮಾಯವಾಯಿತು. ಕೆಳಗೆ ಸೈರನ್ನುಗಳು ಒಂದರ ಹಿಂದೊಂದು ದೂರವಾದವು.

ಮನೆಯೊಳಗೆ ಕಾಲಿಟ್ಟ ಸೆಲ್ವಿನ್ ದಂಗಾಗಿ ನಿಂತ. ತಿಂದವರೇ ತೊಳೆಯಬೇಕು ಎಂಬುದು ಅಗ್ನಿಶಾಮಕ ಠಾಣೆಗಳ ಕಟ್ಟುನಿಟ್ಟಿನ ಪದ್ಧತಿ. ಪಾತ್ರೆ ಫಳಫಳ. ತಟ್ಟೆ ಚಮಚಗಳೆಲ್ಲ ಒರೆಸಿ ಕಪಾಟಿನಲ್ಲಿ. ಒಲೆ ಅಂಗಡಿಯಿಂದ ಈಗಷ್ಟೇ ತಂದಂತಿತ್ತು. ಪುಡಿಂಗ್ ಕಟ್ಟಿದ್ದ ಬಟ್ಟೆಯನ್ನು ಕೂಡ ಒಗೆದು, ಹಿಂಡಿ, ಕಿಟಕಿಯ ಬಳಿ ಹರವಿದ್ದರು.

ಹಿಂದೆಯೇ ವರ್ನಾ ಬಂದಳು. ಬಟ್ಟೆ ನೋಡಿದಳು. ಪಾತ್ರೆ ನೋಡಿದಳು. ಗಂಡನನ್ನು ನೋಡಿದಳು.

"ಪುಡಿಂಗ್ ಎಲ್ಲಿ?"

"ಫೈರ್‌ನೋರು ತಿಂದ್ರು ವರ್ನಾ. ಒಳಗೆ ಬಂದು, ಅಷ್ಟೂ ತಿಂದು, ಪಾತ್ರೆ ತೊಳೆದು ಹೋದ್ರು."

ವರ್ನಾ ಮೆಲ್ಲಗೆ ಹತ್ತಿರ ಬಂದು ಆತನ ಕೊರಳಿನ ಕಾರ್ಡನ್ನು ಎತ್ತಿ ಹಿಡಿದು, ಮೊದಲಿನಿಂದ ಕೊನೆಯವರೆಗೆ ಓದಿದಳು.

"ಮೂವತ್ತೆಂಟು ವರ್ಷದಲ್ಲಿ ಒಂದು ಚಮಚ ತೊಳೆದೋನಲ್ಲ ನೀನು," ಎಂದಳು. "ಇವತ್ತು ಅಡುಗೆಮನೇನೇ ತೊಳೆದಿದೀಯ. ಇನ್ನೇನು ಸಾಕ್ಷಿ ಬೇಕು? ಅಷ್ಟೂ ನೀನೇ ತಿಂದಿದೀಯ!"

"ಬೆಳಿಗ್ಗೆಯಿಂದ ಪುಡಿಂಗು ಪುಡಿಂಗು ಅಂತಾನೇ ಬಡ್ಕೋತಿದ್ದ," ಎಂದು ಬಾಗಿಲಿನಿಂದ ನೋಲೀನ್ ಸೇರಿಸಿದಳು. "ನನಗೆ ಆಗ್ಲೇ ಅನುಮಾನ ಬಂತು."

ಒಮ್ಮೆಲೇ ವರ್ನಾಳ ಮುಖ ಬಿಳಚಿಕೊಂಡಿತು. "ಅಯ್ಯೋ ದೇವರೇ! ಅಮ್ಮನ ನಾಣ್ಯ! ಸೆಲ್ವಿನ್, ನಾಣ್ಯ ಎಲ್ಲಿ?"

"ಅದು... ತವಿತಾ ಅಂತ ಒಬ್ಬ, ಸಮೋವಾದೋನು, ಅವನ ಜೇಬಲ್ಲಿ..."

"ನುಂಗಿಬಿಟ್ಟಿದಾನೆ!" ಎಂದು ಚೀರಿದಳು ನೋಲೀನ್. ಆಕೆಯ ಫೋನು ಆಗಲೇ ಕಿವಿಯ ಮೇಲಿತ್ತು.

ಆಂಬುಲೆನ್ಸಿನವರು ಬರುವಷ್ಟರಲ್ಲಿ ಸಂಜೆಯಾಗಿತ್ತು. ಬೆಳಗಿನದೇ ಬಗೆಯ ಕುರ್ಚಿ, ಬೆಳಗಿನದೇ ಬಗೆಯ ಪಟ್ಟಿ. ಸೆಲ್ವಿನ್ ಮೊದಲಿನಿಂದ ಕೊನೆಯವರೆಗೆ ನಡೆದದ್ದನ್ನೆಲ್ಲ, ಒಂದಕ್ಷರವೂ ಸುಳ್ಳಿಲ್ಲದೆ ಹೇಳಿದ. ಆಂಬುಲೆನ್ಸಿನ ಹುಡುಗಿ ತಲೆಯಾಡಿಸುತ್ತ ಕೇಳಿದಳು, ಕಾರ್ಡು ಓದಿದಳು, ಆತನ ಕೆನ್ನೆ ತಟ್ಟಿದಳು. "ಹೌದು ತಾತ. ತಿಂದು ಪಾತ್ರೇನೂ ತೊಳೆದ್ರಾ? ಹೌದು ಹೌದು. ಆಸ್ಪತ್ರೇಲಿ ಒಂದು ಎಕ್ಸ್‌ರೇ ತೆಗೆದುಬಿಡೋಣ."

"ನಾಣ್ಯ ಸಿಗೋವರೆಗೂ ಇವನನ್ನ ಮನೆಗೆ ಕಳಿಸಬೇಡಿ," ಎಂದಳು ವರ್ನಾ, ಕಣ್ಣೊರೆಸಿಕೊಳ್ಳುತ್ತ.

ಕುರ್ಚಿಯನ್ನು ಆಂಬುಲೆನ್ಸಿಗೆ ಏರಿಸುವ ಹೊತ್ತಿಗೆ, ಗೋದಾಮಿನ ಬೆಂಕಿ ಆರಿಸಿ ಮರಳುತ್ತಿದ್ದ ಕೆಂಪು ಗಾಡಿ ಅದೇ ರಸ್ತೆಯಲ್ಲಿ ಬಂತು. ಸೆಲ್ವಿನ್ ಕೂಗಿದ, ಕೊಸರಿದ. ಕಿಟಕಿಯಲ್ಲಿ ಕೂತಿದ್ದ ತವಿತಾ ಆತನನ್ನು ನೋಡಿ ಕಣ್ಣರಳಿಸಿದ.

"ಲೋ, ನೋಡ್ರೋ! ತಾತ ಇನ್ನೂ ಪಾತ್ರ ಬಿಟ್ಟಿಲ್ಲ!"

ಲಾಕಿ ಗೌರವಕ್ಕೆಂದು ಸೈರನ್ ಒತ್ತಿದ. ಆ ಅಬ್ಬರದಲ್ಲಿ ಸೆಲ್ವಿನ್‌ನ ಒಂದು ಮಾತೂ ಯಾರಿಗೂ ಕೇಳಲಿಲ್ಲ. ಗಾಡಿ ತುಂಬ ಕೂತಿದ್ದವರೆಲ್ಲ ಎದ್ದು ನಿಂತು ಆತನತ್ತ ಕೈ ಬೀಸಿದರು.