ಇಡಿಯೋ ಪುಡಿಯೋ: ಮಾವನವರ ಹನ್ನೆರಡು ಗಂಟೆಯ ಮಾತ್ರೆಯ ಬಗ್ಗೆ

ಸಂಖ್ಯೆ: ಅ.ಮ./ಮಾತ್ರೆ/ಇಡಿ/1
ಕಚೇರಿ: ಒಲೆಯ ಎಡಗಡೆ, ಕಿಟಕಿ ಕಟ್ಟೆ
ದಿನಾಂಕ: ಮಾವನವರು ಆಸ್ಪತ್ರೆಯಿಂದ ಎರಡನೇ ಸಲ ಮರಳಿದ ಐದನೆಯ ದಿನ, ಕುಕ್ಕರಿನ ಎರಡನೆಯ ಕೂಗಿನ ನಂತರ

ಸುತ್ತೋಲೆ

ವಿಷಯ: ನಿಧಾನವಾಗಿ ಕರಗುವ ನೋವಿನ ಮಾತ್ರೆಯನ್ನು ಪುಡಿ ಮಾಡುವುದು, ಕಚ್ಚುವುದು, ಹಂಚುವುದು ಇತ್ಯಾದಿಗಳ ನಿಷೇಧ, ಮತ್ತು ಮಾತ್ರೆ ಕೊಡುವ ಅಧಿಕಾರ ಇನ್ನು ಮುಂದೆ ಯಾರದು ಎಂಬ ಬಗ್ಗೆ.

ಉಲ್ಲೇಖ:
1. ಸೊಂಟದ ಮೂಳೆಯ ಆಪರೇಷನ್ ನಂತರ ಡಾಕ್ಟರು ಬರೆದ ಚೀಟಿ.
2. ಔಷಧಿ ಅಂಗಡಿಯವರು ಡಬ್ಬಿಗೆ ಅಂಟಿಸಿದ ಚೀಟಿ (ಚಹಾ ಬಿದ್ದದ್ದು).
3. ಮಾವನವರ ಮೌಖಿಕ ದೂರು: "ಇದೇನಮ್ಮಾ, ಮಾತ್ರೆನೋ ಕೋಟಿನ ಗುಂಡಿನೋ? ಗಂಟಲಲ್ಲಿ ಇಳೀತಾನೇ ಇಲ್ವಲ್ಲ!"

ಪ್ರಸ್ತಾವನೆ:

ಮೇಲ್ಕಂಡ ದೂರನ್ನು ಸ್ವೀಕರಿಸಿದ ಅಡುಗೆಮನೆ ವಿಭಾಗದ ಮುಖ್ಯಸ್ಥೆಯವರು (ಸದರಿ ಮಾವನವರ ಸೊಸೆ) ಡಬ್ಬಿಯ ಮೇಲಿನ ಚೀಟಿಯನ್ನು ಪರಿಶೀಲಿಸಿದರು. ಅದರಲ್ಲಿ "ಇಡಿಯಾಗಿ ನುಂಗಬೇಕು" ಎಂದು ಬರೆಯಲಾಗಿತ್ತು. ಆದರೆ ಮೊದಲ ಅಕ್ಷರವನ್ನು ಚಹಾದ ಹನಿ ಮೊದಲೇ ನುಂಗಿತ್ತು. ಉಳಿದ "ಡಿಯಾಗಿ" ಎಂಬುದಕ್ಕೆ ಮುಖ್ಯಸ್ಥೆಯವರು, ಮಕ್ಕಳ ಜ್ವರದ ಮಾತ್ರೆಗಳನ್ನು ಅರೆದು ಅರೆದು ಗಳಿಸಿದ ಇಪ್ಪತ್ತು ವರ್ಷಗಳ ಸೇವಾನುಭವದ ಆಧಾರದ ಮೇಲೆ "ಪು" ಎಂಬ ಅಕ್ಷರವನ್ನು ಮಂಜೂರು ಮಾಡಿದರು. ಆ ವೇಳೆ ಕನ್ನಡಕವು ಹಣೆಯ ಮೇಲಿತ್ತು, ಕಣ್ಣಿನ ಮೇಲಿರಲಿಲ್ಲ ಎಂಬುದು ತನಿಖೆಯಿಂದ ಸಾಬೀತಾಗಿದೆ.

ತರುವಾಯ ಮಾತ್ರೆಯನ್ನು ಎರಡು ಚಮಚಗಳ ನಡುವೆ ಒತ್ತಿ, ಜೇನಿನಲ್ಲಿ ಕಲಸಿ, ಪ್ರೀತಿಪೂರ್ವಕವಾಗಿ ತಿನ್ನಿಸಲಾಯಿತು. ಹನ್ನೆರಡು ಗಂಟೆ ಇಷ್ಟಿಷ್ಟೇ ಇಳಿಯಬೇಕಾದ ಔಷಧಿ ಒಂದೇ ಏಟಿಗೆ ಇಳಿಯಿತು. ಮಾವನವರು ಮಧ್ಯಾಹ್ನದ ಊಟಕ್ಕೆ ಏಳಲಿಲ್ಲ. ಆಂಬುಲೆನ್ಸ್ ಬಂತು, ಇಂಜೆಕ್ಷನ್ ಆಯಿತು, ಮೂರು ದಿನ ಆಸ್ಪತ್ರೆಯಾಯಿತು. ಅಂದಿನಿಂದ ಮಾತ್ರೆಯ ಡಬ್ಬಿಯು ಮನೆಯ ಯಜಮಾನರ (ಲಿಫ್ಟ್ ರಿಪೇರಿ ಕೆಲಸ) ಸ್ವಾಧೀನದಲ್ಲಿದ್ದು, ಮುಖ್ಯಸ್ಥೆಯವರು ಅದರ ಕಡೆಗೆ ಕೈ ಚಾಚುವ ಧೈರ್ಯವನ್ನೂ ಮಾಡಿರುವುದಿಲ್ಲ. ಈ ಹಿನ್ನೆಲೆಯಲ್ಲಿ ಮನೆಮಂದಿಗೆಲ್ಲ ಕೆಳಕಂಡಂತೆ ಸೂಚಿಸಲಾಗಿದೆ.

1. ಸದರಿ ಮಾತ್ರೆಯನ್ನು ಇಡಿಯಾಗಿ, ನೀರಿನೊಂದಿಗೆ ನುಂಗತಕ್ಕದ್ದು. ಪುಡಿ ಮಾಡುವುದು, ತುಂಡರಿಸುವುದು, ಅಗಿಯುವುದು, ಚಹಾದಲ್ಲಿ ಅದ್ದುವುದು, ಬಾಗಿಲ ಸಂದಿಗೆ ಕೊಟ್ಟು ಒಡೆಯುವುದು ಇವೆಲ್ಲವನ್ನೂ ನಿಷೇಧಿಸಲಾಗಿದೆ. ಬಾಗಿಲ ಸಂದಿಯ ವಿಚಾರ ಯಾರ ತಲೆಗೆ ಹೊಳೆಯಿತೆಂಬುದು ಯಜಮಾನರಿಗೆ ಗೊತ್ತಿದೆ.

2. ಕಾರಣವನ್ನು ಡಾಕ್ಟರು ವಿವರಿಸಿದ್ದರೂ ವಿಭಾಗಕ್ಕೆ ಅರ್ಥವಾಗಿರಲಿಲ್ಲ. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಮಾವನವರು ಆಸ್ಪತ್ರೆಯ ಹಾಸಿಗೆಯಿಂದಲೇ ನೀಡಿದ ತಾಂತ್ರಿಕ ಅಭಿಪ್ರಾಯವನ್ನು ಅಂಗೀಕರಿಸಲಾಗಿದೆ: "ಕೀ ಕೊಟ್ಟ ಸ್ಪ್ರಿಂಗು ಟಿಕ್ ಟಿಕ್ ಅಂತ ಬಿಚ್ಕೋಬೇಕು ಕಣಮ್ಮ. ಹಲ್ಲಿನ ಚಕ್ರ ಮುರಿದ್ರೆ ಒಂದೇ ಸಲ ಬಿಚ್ಕೊಂಡು ಮುಖಕ್ಕೇ ಹೊಡೆಯುತ್ತೆ."

3. ಕೃತ್ಯದಲ್ಲಿ ಭಾಗವಹಿಸಿದ ಎರಡೂ ಚಮಚಗಳನ್ನು ಈ ಕೂಡಲೇ ಅಮಾನತಿನಲ್ಲಿಡಲಾಗಿದೆ. ಕುಟ್ಟಾಣಿಯ ಕೈವಾಡ ಕಂಡುಬಂದಿಲ್ಲವಾದರೂ ಅದರ ನಡತೆಯ ಮೇಲೆ ಕಣ್ಣಿಡಲಾಗುವುದು.

4. ಒಂದು ಹೊತ್ತಿನ ಮಾತ್ರೆ ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಿ ಸರಿದೂಗಿಸುವಂತಿಲ್ಲ. ನೋವು ಜಾಸ್ತಿಯಾದರೆ ಡಾಕ್ಟರಿಗೆ ಫೋನ್ ಮಾಡತಕ್ಕದ್ದು, ಡಬ್ಬಿಯನ್ನು ಕೇಳತಕ್ಕದ್ದಲ್ಲ.

(ಹಾಲು ಉಕ್ಕಿದ್ದರಿಂದ ಸುತ್ತೋಲೆಯನ್ನು ಹತ್ತು ನಿಮಿಷ ತಡೆಹಿಡಿಯಲಾಗಿತ್ತು. ಒಲೆ ಒರೆಸಿಯಾಗಿದೆ.)

5. ಪಕ್ಕದ ಮನೆಯ ಟೈಲರಮ್ಮನವರು "ಎರಡೇ ಎರಡು ಕೊಡಿ ಅಕ್ಕಾ, ಭುಜ ಬಿದ್ದೇ ಹೋಗ್ತಿದೆ" ಎಂದು ಸಲ್ಲಿಸಿದ ಮನವಿಯನ್ನು ತಿರಸ್ಕರಿಸಲಾಗಿದೆ. ಸಕ್ಕರೆ, ಏಣಿ, ಇಸ್ತ್ರಿ ಪೆಟ್ಟಿಗೆ ಇವುಗಳನ್ನು ಎಂದಿನಂತೆ ಒಯ್ಯಬಹುದು. ಒಬ್ಬರ ನೋವಿಗೆ ಅಳೆದು ಬರೆದ ಮಾತ್ರೆ ಇನ್ನೊಬ್ಬರ ಉಸಿರನ್ನೇ ನಿಲ್ಲಿಸಬಹುದು. "ನಂಗೂ ಮಂಡಿ ನೋವಲ್ವೇನೇ, ಅರ್ಧ ಕೊಡೇ" ಎಂದು ಡಬ್ಬಿ ತಮ್ಮ ಸ್ವಾಧೀನಕ್ಕೆ ಬರುವ ಮೊದಲು ಯಜಮಾನರು ಸಲ್ಲಿಸಿದ್ದ ಅರ್ಜಿಗೂ ಇದೇ ಉತ್ತರ. "ಅರ್ಧ" ಎಂಬ ಪದಕ್ಕಾಗಿ ಕಲಂ 1ನ್ನು ಅವರು ಮತ್ತೊಮ್ಮೆ ಗಟ್ಟಿಯಾಗಿ ಓದತಕ್ಕದ್ದು.

6. ಮಾತ್ರೆ ನಡೆಯುತ್ತಿರುವಷ್ಟು ದಿನ ನಿದ್ದೆಯ ಗುಳಿಗೆಗೂ ಮದ್ಯಕ್ಕೂ ಮಾವನವರ ಕೋಣೆಗೆ ಪ್ರವೇಶವಿಲ್ಲ. ಹಳೆಯ ಗೆಳೆಯರು ಜೇಬಿನಲ್ಲಿ ಏನು ತಂದರೂ ಹೊಸ್ತಿಲಲ್ಲೇ ತಪಾಸಣೆ ಮಾಡಲಾಗುವುದು. ತಪಾಸಣಾಧಿಕಾರಿಯಾಗಿ ಮಗಳನ್ನು ನೇಮಿಸಲಾಗಿದ್ದು, ಆಕೆ ಲಂಚಕ್ಕೆ ಬಗ್ಗುವವಳಲ್ಲ. ಚಾಕೊಲೇಟ್ ವಿಚಾರ ಬೇರೆ.

7. ಡಬ್ಬಿಯನ್ನು ಬೀಗವಿರುವ ಕಪಾಟಿನಲ್ಲಿಡತಕ್ಕದ್ದು. ಮಾವನವರು ಗುಣವಾದ ಮೇಲೆ ಉಳಿದ ಮಾತ್ರೆಗಳನ್ನು ಔಷಧಿ ಅಂಗಡಿಯವರಲ್ಲಿ ವಿಚಾರಿಸಿ ವಾಪಸು ಮಾಡತಕ್ಕದ್ದು. "ಇರಲಿ ಬಿಡು, ಯಾವತ್ತಾದ್ರೂ ಬೇಕಾಗುತ್ತೆ" ಎಂಬ ನಿಯಮವು ರಬ್ಬರ್ ಬ್ಯಾಂಡ್, ಖಾಲಿ ಬಾಟಲಿ ಮತ್ತು ಒಂಟಿ ಕಾಲುಚೀಲಗಳಿಗೆ ಮಾತ್ರ ಅನ್ವಯಿಸುತ್ತದೆ.

8. "ಮಲಗಲಿ ಪಾಪ" ಎಂಬ ಮಾತನ್ನು ಇಂದಿನಿಂದ ರದ್ದುಪಡಿಸಲಾಗಿದೆ. ಅಂದು ಮಧ್ಯಾಹ್ನ ಮಗಳು ಬಂದು "ಅಮ್ಮಾ, ತಾತನ ಗೊರಕೆ ನಿಂತು ನಿಂತು ಬರ್ತಿದೆ" ಎಂದು ವರದಿ ಮಾಡಿದಾಗ ಮುಖ್ಯಸ್ಥೆಯವರು ಇದೇ ಮಾತನ್ನು ಬಳಸಿ ತಟ್ಟೆ ತೊಳೆಯುವುದನ್ನು ಮುಂದುವರಿಸಿದ್ದರು. ಮಗಳು ಕೇಳಲಿಲ್ಲ. "ಇಲ್ಲಮ್ಮಾ, ನೀನು ಬಂದು ನೋಡು" ಎಂದು ಸೆರಗು ಹಿಡಿದು ಎಳೆದೊಯ್ದಳು. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ, ತುಟಿ ನೀಲಿಯಾದರೆ ಮೊದಲು ಆಂಬುಲೆನ್ಸಿಗೆ ಫೋನ್, ಆಮೇಲೆ ಉಳಿದದ್ದು. ತಟ್ಟೆಗಳು ಎಲ್ಲಿಗೂ ಓಡಿಹೋಗುವುದಿಲ್ಲ.

9. ತನಿಖೆ ನಡೆಸಿದವರು, ತಪ್ಪಿತಸ್ಥರು ಮತ್ತು ಈ ಸುತ್ತೋಲೆ ಹೊರಡಿಸುತ್ತಿರುವವರು ಒಬ್ಬರೇ ಆಗಿರುವುದರಿಂದ ಶಿಕ್ಷೆಯನ್ನು ತೀರ್ಮಾನಿಸುವ ಹಕ್ಕನ್ನು ಮಾವನವರಿಗೆ ಬಿಡಲಾಗಿತ್ತು. ಮಾತ್ರೆ ಕೊಡುವ ಅಧಿಕಾರವನ್ನು ಯಜಮಾನರಲ್ಲೇ ಕಾಯಂಗೊಳಿಸಬೇಕೆಂದು ಮುಖ್ಯಸ್ಥೆಯವರು ತಾವೇ ಶಿಫಾರಸು ಮಾಡಿದ್ದರು.

ಇಂದು ಬೆಳಿಗ್ಗೆ ಎಂಟು ಗಂಟೆಗೆ ಯಜಮಾನರು ಮಾತ್ರೆ ಹಿಡಿದು ನಿಂತಾಗ ಮಾವನವರು ಬಾಯಿ ಬಿಡಲಿಲ್ಲ. ಬಿಟ್ಟಾಗ ಹೊರಬಿದ್ದ ಆದೇಶ ಹೀಗಿದೆ: "ಅವಳನ್ನ ಕರಿ. ನಿನ್ನ ಕೈಯೆಲ್ಲ ಗ್ರೀಸು. ಒಂದ್ಸಲ ಕೆಡಿಸಿದೋರು ಎರಡನೇ ಸಲ ಹುಷಾರಾಗಿರ್ತಾರೆ ಕಣೋ, ನಾನೆಷ್ಟು ಗಡಿಯಾರ ಕೆಡಿಸಿ ಕಲಿತಿಲ್ಲ?"

ಮುಖ್ಯಸ್ಥೆಯವರು ಕೈ ಒರೆಸಿಕೊಂಡು ಹಾಜರಾದರು. ಕನ್ನಡಕವನ್ನು ಹಣೆಯಿಂದ ಇಳಿಸಿ, ಈ ಸಲ ಡಾಕ್ಟರ ಚೀಟಿಯನ್ನೇ ಗಟ್ಟಿಯಾಗಿ ಓದಿ, ಮಾತ್ರೆಯನ್ನು ಅಂಗೈ ಮೇಲಿಟ್ಟು ನೀಡಿದರು. ನಾಲ್ಕು ಗುಟುಕು ನೀರು, ಎರಡು ಕೆಮ್ಮು, ಗುಂಡಿಯ ಕುರಿತು ಒಂದು ಬೈಗುಳದ ನಂತರ ಮಾತ್ರೆ ಇಡಿಯಾಗಿ ಒಳಗಿಳಿಯಿತು. ಮಾವನವರು ಮಗುವಿನಂತೆ ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಿದರು. ಮುಖ್ಯಸ್ಥೆಯವರು ನೋಡಿ ದೃಢೀಕರಿಸಿದರು. ಆಗ ಕನ್ನಡಕದ ಗಾಜು ಮಂಜಾದದ್ದು ಕುಕ್ಕರಿನ ಹಬೆಯಿಂದ ಎಂದು ದಾಖಲಿಸಲಾಗಿದೆ. ಕುಕ್ಕರ್ ಇನ್ನೂ ಒಲೆಯ ಮೇಲೆ ಏರಿರಲಿಲ್ಲ.

ಸಹಿ/-
ಮುಖ್ಯಸ್ಥೆ, ಅಡುಗೆಮನೆ ವಿಭಾಗ
ಮತ್ತು ಮಾತ್ರೆ ಅಧಿಕಾರಿ (ಇಂದು ಬೆಳಿಗ್ಗೆಯಿಂದ ಮರುನೇಮಕ)

ಪ್ರತಿಗಳು:
1. ಯಜಮಾನರಿಗೆ: ಡಬ್ಬಿಯನ್ನೂ ಬೀಗದ ಕೈಯನ್ನೂ ಹಸ್ತಾಂತರಿಸಲು. ಗ್ರೀಸು ತೊಳೆದುಕೊಂಡು.
2. ಟೈಲರಮ್ಮನವರಿಗೆ: ಮಾಹಿತಿಗಾಗಿ. ಏಣಿ ಬೇಕಿದ್ದರೆ ಹಿತ್ತಲಲ್ಲಿದೆ. ಭುಜಕ್ಕೆ ಡಾಕ್ಟರ ಬಳಿ ಜೊತೆಗೆ ಬರಲು ವಿಭಾಗ ಸಿದ್ಧವಿದೆ.
3. ಅಮಾನತಾದ ಚಮಚಗಳಿಗೆ: ಸಕ್ಕರೆ ಕಲಕುವ ಹುದ್ದೆಗೆ ಅರ್ಜಿ ಸಲ್ಲಿಸಬಹುದು.
4. ಕನ್ನಡಕಕ್ಕೆ: ಹಣೆಯಿಂದ ಕೂಡಲೇ ವರ್ಗಾವಣೆ.
5. ಮಗಳಿಗೆ: ಎರಡು ಚಾಕೊಲೇಟ್ ಲಗತ್ತಿಸಿದೆ.
6. ಮಾವನವರಿಗೆ: ಓದಲು. ಇಡಿಯಾಗಿ.